ಪಿಚ್ ಕೇಳುವಾಗ ನಾನು ಏನು ಬರೆದುಕೊಳ್ಳುತ್ತೇನೆ

ಹೊಸ ಸ್ಟಾರ್ಟಪ್‌ಗಳು ಪಿಚ್ ಮಾಡುವ, ಅಂದರೆ ತಮ್ಮ ಐಡಿಯಾವನ್ನು ಕೆಲವೇ ನಿಮಿಷಗಳಲ್ಲಿ ಹೇಳಿ ಒಪ್ಪಿಸಲು ನೋಡುವ, ನೆಟ್‌ವರ್ಕಿಂಗ್ ಕಾರ್ಯಕ್ರಮಗಳಿಗೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಸಾಫ್ಟ್‌ವೇರ್ ಕಟ್ಟುವುದು ನನ್ನ ಕೆಲಸ. ಶುರುವಿನ ಹಂತದ ತಂಡಗಳಿಗೆ ಪ್ರಾಡಕ್ಟ್ ಬಗ್ಗೆ ಸಲಹೆ ಕೊಡುತ್ತೇನೆ, ಅಪರೂಪಕ್ಕೆ ಸ್ವಲ್ಪ ಹಣವನ್ನೂ ಹಾಕುತ್ತೇನೆ. ಹಾಗಾಗಿ ಯಾರ ಜೊತೆ ಮಾತು ಮುಂದುವರಿಸಬೇಕು ಅನ್ನುವುದನ್ನು ಅಲ್ಲೇ ತೀರ್ಮಾನಿಸಬೇಕಾಗುತ್ತದೆ.

ಒಬ್ಬೊಬ್ಬರಿಗೆ ಸಿಗುವುದು ಮೂರೋ ಐದೋ ನಿಮಿಷ. ಒಂದರ ಹಿಂದೆ ಒಂದು ಪಿಚ್ ಬರುತ್ತಿದ್ದರೆ ತಲೆಯಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಅದಕ್ಕೆ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪ್ರತಿ ಪಿಚ್‌ಗೂ ಎರಡೇ ಸಾಲು. ಇದನ್ನು ಬಳಸುವವರು ಯಾರು? ಇದು ಸಿಗುವ ತನಕ ಅವರು ಆ ಕೆಲಸವನ್ನು ಹೇಗೆ ನಿಭಾಯಿಸುತ್ತಿದ್ದಾರೆ? ಪಿಚ್ ಮುಗಿದ ಮೇಲೂ ಎರಡನೇ ಸಾಲು ಖಾಲಿ ಉಳಿದರೆ ನನ್ನ ಆಸಕ್ತಿ ಅರ್ಧ ಇಳಿದುಹೋಗುತ್ತದೆ.

ಇದಕ್ಕೆ ಕಾರಣವಿದೆ. ಹೊಸ ಪ್ರಾಡಕ್ಟ್‌ಗೆ ಪೈಪೋಟಿ ಇನ್ನೊಂದು ಸ್ಟಾರ್ಟಪ್‌ನಿಂದ ಬರುವುದು ಕಡಿಮೆ. ಎಕ್ಸೆಲ್ ಶೀಟ್, ವಾಟ್ಸ್‌ಆ್ಯಪ್ ಗ್ರೂಪ್, ಒಂದು ಫೋನ್ ಕರೆ, ಇಲ್ಲವೇ ‘ಈಗಿರುವುದೇ ಸಾಕು’ ಅನ್ನುವ ಅಭ್ಯಾಸ, ಗೆಲ್ಲಬೇಕಾದದ್ದು ಇವುಗಳನ್ನು. ‘ನಮಗೆ ಪೈಪೋಟಿಯೇ ಇಲ್ಲ’ ಅನ್ನುವ ಸ್ಲೈಡ್ ಕಂಡಾಗಲೆಲ್ಲ ನನಗೆ ಚಿಂತೆಯಾಗುತ್ತದೆ.

ಒಮ್ಮೆ ಒಬ್ಬ ಯುವತಿ ಚಿಕ್ಕ ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ಬಗ್ಗೆ ಪಿಚ್ ಮಾಡಿದರು. ಸ್ಲೈಡ್‌ಗಳು ತೀರಾ ಸಾದಾ, ಧ್ವನಿ ಸ್ವಲ್ಪ ನಡುಗುತ್ತಿತ್ತು. ಆದರೆ ರಿಸೆಪ್ಷನ್‌ನಲ್ಲಿ ಕೂರುವವರು ಪೆನ್ ಬಿಟ್ಟು ಪೆನ್ಸಿಲ್‌ನಲ್ಲೇ ಯಾಕೆ ಬರೆಯುತ್ತಾರೆ, ಬರುತ್ತೇನೆ ಅಂದವರು ಬರದಿದ್ದರೆ ಆ ಹೊತ್ತು ಯಾರಿಗೆ ಹೋಗುತ್ತದೆ, ಡಾಕ್ಟರು ತಡ ಮಾಡಿದ ದಿನ ಬೈಗುಳ ಯಾರಿಗೆ ಬೀಳುತ್ತದೆ, ಎಲ್ಲವನ್ನೂ ಅವರು ಪಕ್ಕದಲ್ಲಿ ಕೂತು ನೋಡಿದ್ದರು. ಅದೇ ಸಂಜೆ ಇನ್ನೊಂದು ತಂಡ ಬಹಳ ಚೆಂದದ ಅನಿಮೇಷನ್ ತೋರಿಸಿತು. ಬಳಸುವವರು ಯಾರು ಎಂದು ಕೇಳಿದ್ದಕ್ಕೆ ‘ಎಲ್ಲರೂ’ ಅಂದರು. ಪಿಚ್ ಮುಗಿದ ಮೇಲೆ ನಾನು ಹೋಗಿ ಮಾತಾಡಿಸಿದ್ದು ಕ್ಲಿನಿಕ್ ಬಗ್ಗೆ ಪಿಚ್ ಮಾಡಿದ ಯುವತಿಯನ್ನು.

ಮಾರ್ಕೆಟ್ ಸೈಜ್ ಸ್ಲೈಡ್ ಮೇಲೆ ನಾನು ಜಾಸ್ತಿ ಹೊತ್ತು ಕಳೆಯುವುದಿಲ್ಲ. ‘ಇಷ್ಟು ದೊಡ್ಡ ಮಾರ್ಕೆಟ್‌ನಲ್ಲಿ 1% ನಮಗೆ ಸಿಕ್ಕರೂ ಸಾಕು’ ಅನ್ನುವ ಲೆಕ್ಕ ಯಾರ ಬಾಯಲ್ಲಾದರೂ ಬರುತ್ತದೆ. ನನಗೆ ಅದು ಸಾಲದು. ಇಂಥ ಕಡೆ ಇಷ್ಟು ಗ್ರಾಹಕರಿದ್ದಾರೆ, ಒಬ್ಬರಿಂದ ವರ್ಷಕ್ಕೆ ಇಷ್ಟು ಬರುತ್ತದೆ, ಮೊದಲ ವರ್ಷ ಇಷ್ಟು ಜನರನ್ನು ಹೀಗೆ ತಲುಪುತ್ತೇವೆ ಎಂದು ಕೆಳಗಿನಿಂದ ಕಟ್ಟಿದ ಲೆಕ್ಕ ಬೇಕು.

ಗ್ರಾಫ್‌ಗಳನ್ನು ಮಾತ್ರ ಹುಷಾರಾಗಿ ಓದುತ್ತೇನೆ. ಈವರೆಗಿನ ಒಟ್ಟು ಸೈನ್‌ಅಪ್ ತೋರಿಸುವ ಗೆರೆ ಯಾವತ್ತೂ ಕೆಳಗೆ ಬರುವುದಿಲ್ಲ. ಹೊಸಬರು ಒಬ್ಬರೂ ಬರದಿದ್ದರೂ ಅದು ಇದ್ದಲ್ಲೇ ನಿಲ್ಲುತ್ತದೆ, ಅಷ್ಟೇ. ಈ ತಿಂಗಳು ಬಳಸಿದವರು ಎಷ್ಟು, ದುಡ್ಡು ಕೊಟ್ಟವರು ಎಷ್ಟು, ಬಿಟ್ಟವರು ಎಷ್ಟು ಎಂದು ಕೇಳುತ್ತೇನೆ. ತಿಂಗಳಿಗೆ 5% ಗ್ರಾಹಕರು ಬಿಟ್ಟುಹೋಗುತ್ತಾರೆ ಅಂದರೆ ಕಡಿಮೆ ಅನಿಸುತ್ತದೆ, ಅಲ್ವಾ? ಅದೇ ಲೆಕ್ಕದಲ್ಲಿ ಹೋದರೆ ಇವತ್ತಿನ 100 ಗ್ರಾಹಕರಲ್ಲಿ ಒಂದು ವರ್ಷದ ನಂತರ ಉಳಿಯುವುದು ಸುಮಾರು 54. ತಿಂಗಳಿಗೆ 10% ಆದರೆ 28. ಈ ಲೆಕ್ಕವನ್ನು ತಾವೇ ಮಾಡಿಕೊಂಡು ಬಂದ ಫೌಂಡರ್‌ಗಳು ಸಿಕ್ಕರೆ ನನಗೆ ನಿಜಕ್ಕೂ ಖುಷಿ.

ಡೆಮೊ ಅರೆಬರೆ ಇದ್ದರೆ ನನಗೆ ಬೇಸರವಿಲ್ಲ. 1999ರಲ್ಲಿ ಆನ್‌ಲೈನ್ ಶೂ ಅಂಗಡಿ ಜಾಪೋಸ್ ಶುರುಮಾಡುವಾಗ ನಿಕ್ ಸ್ವಿನ್‌ಮರ್ನ್ ಅಂಗಡಿಗಳಿಗೆ ಹೋಗಿ ಶೂಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕುತ್ತಿದ್ದರು. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಕೊಂಡು ಕಳಿಸುತ್ತಿದ್ದರು. ಜನ ಆನ್‌ಲೈನ್‌ನಲ್ಲಿ ಶೂ ಕೊಳ್ಳುತ್ತಾರಾ ಅನ್ನುವ ಪ್ರಶ್ನೆಗೆ ಗೋದಾಮು ಇಲ್ಲದೆಯೇ ಉತ್ತರ ಸಿಕ್ಕಿತು. ಫೈಲ್‌ಗಳನ್ನು ಆನ್‌ಲೈನ್‌ನಲ್ಲಿ ಇಡುವ ಡ್ರಾಪ್‌ಬಾಕ್ಸ್ 2008ರಲ್ಲಿ ಒಂದು ಚಿಕ್ಕ ಡೆಮೊ ವಿಡಿಯೊ ಹಾಕಿದಾಗ, ಬೀಟಾಗೆ (ಪ್ರಯೋಗದ ಆವೃತ್ತಿಗೆ) ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಏರಿತ್ತು. ‘ಹಿಂದುಗಡೆ ಇದನ್ನೆಲ್ಲ ಸದ್ಯಕ್ಕೆ ನಾವೇ ಕೈಯಲ್ಲಿ ಮಾಡುತ್ತೇವೆ’ ಎಂದು ಯಾರಾದರೂ ಹೇಳಿದರೆ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತೇನೆ. ಅವರಿಗೆ ಕೆಲಸದ ಒಳಹೊರಗು ಗೊತ್ತಿರುತ್ತದೆ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಐ ಇಲ್ಲದ ಪಿಚ್ ಕೇಳುವುದೇ ಅಪರೂಪವಾಗಿದೆ. ಬೇರೆ ಕಂಪನಿಯ ಎಐ ಮಾಡೆಲ್ ಮೇಲೆ ಪ್ರಾಡಕ್ಟ್ ಕಟ್ಟುವುದು ತಪ್ಪು ಅಂತ ನನಗೆ ಅನಿಸಿಲ್ಲ. ಆದರೆ ಖರ್ಚಿನ ಪ್ರಶ್ನೆ ಕೇಳಲೇಬೇಕು. ಹಳೆಯ ಬಗೆಯ ಸಾಫ್ಟ್‌ವೇರ್‌ನಲ್ಲಿ ಒಬ್ಬರು ಹೆಚ್ಚು ಬಳಸಿದರೆ ಕಂಪನಿಗೆ ಆಗುವ ಹೆಚ್ಚಿನ ಖರ್ಚು ಅಲ್ಪ. ಇಲ್ಲಿ ಬಳಸುವವರು ಕೇಳುವ ಪ್ರತಿ ಪ್ರಶ್ನೆಗೂ ಖರ್ಚಿನ ಮೀಟರ್ ಓಡುತ್ತದೆ. ತಿಂಗಳಿಗೆ ಇಷ್ಟೇ ಎಂದು ದರ ಇಟ್ಟಿದ್ದರೆ, ಅತಿ ಹೆಚ್ಚು ಇಷ್ಟಪಟ್ಟು ಬಳಸುವ ಗ್ರಾಹಕರಿಂದಲೇ ನಷ್ಟವಾಗಬಹುದು. ಇನ್ನೊಂದು ಪ್ರಶ್ನೆ: ಉತ್ತರ ತಪ್ಪಾದಾಗ ಅದನ್ನು ಯಾರು ಹಿಡಿಯುತ್ತಾರೆ? ‘ಮಾಡೆಲ್ ದಿನೇ ದಿನೇ ಸುಧಾರಿಸುತ್ತಿದೆ’ ಅಂದರೆ ನನಗೆ ಉತ್ತರ ಸಿಕ್ಕಂತಾಗಲಿಲ್ಲ.

ಪಿಚ್‌ಗಿಂತ ಆಮೇಲಿನ ಮಾತಿನಲ್ಲೇ ನನಗೆ ಹೆಚ್ಚು ಸಿಗುವುದು. ಸ್ಟೇಜ್ ಮೇಲೆ ತಡವರಿಸಿದವರು ಇಲ್ಲಿ ಆರಾಮಾಗಿ ಮಾತಾಡುತ್ತಾರೆ. ನಾನು ಶುರುಮಾಡುವುದು ಹೀಗೆ: ‘ಕೊನೆಯದಾಗಿ ಬೇಡ ಅಂದ ಗ್ರಾಹಕರು ಯಾರು? ಯಾಕೆ ಬೇಡ ಅಂದರು?’ ಗ್ರಾಹಕರ ಜೊತೆ ದಿನವೂ ಒಡನಾಡುವವರು ಥಟ್ಟನೆ ಹೇಳುತ್ತಾರೆ, ಕೆಲವರು ಗ್ರಾಹಕರ ಮಾತನ್ನೇ ಅನುಕರಿಸಿ ತೋರಿಸುತ್ತಾರೆ. ಪೈಲಟ್ (ಗ್ರಾಹಕರ ಬಳಿ ಪ್ರಯೋಗದ ಬಳಕೆ) ನಡೆಯುತ್ತಿದೆ ಅಂದರೆ, ಅದು ಪುಕ್ಕಟೆಯೋ ದುಡ್ಡು ಕೊಟ್ಟಿದ್ದಾರೋ, ಯಾವಾಗ ಮುಗಿಯುತ್ತದೆ ಎಂದು ವಿಚಾರಿಸುತ್ತೇನೆ. ಸುಮ್ನೆ ಬಳಸಿ ನೋಡುತ್ತೇವೆ ಅನ್ನುವುದಕ್ಕೂ ಬಜೆಟ್‌ನಿಂದ ಹಣ ತೆಗೆಯುವುದಕ್ಕೂ ಬಹಳ ಅಂತರವಿದೆ. ಫೌಂಡರ್‌ಗಳು ಇಬ್ಬರಿದ್ದರೆ ಪಾಲು ಹೇಗೆ ಹಂಚಿಕೊಂಡಿದ್ದೀರಿ, ವೆಸ್ಟಿಂಗ್ ಇದೆಯಾ, ಅಂದರೆ ಪಾಲು ಒಮ್ಮೆಲೇ ಕೈಗೆ ಬರದೆ ಕಂಪನಿಯಲ್ಲಿ ಇದ್ದಷ್ಟು ಕಾಲ ಸ್ವಲ್ಪ ಸ್ವಲ್ಪವಾಗಿ ತಮ್ಮದಾಗುತ್ತದಾ, ಎಂದೂ ಕೇಳುತ್ತೇನೆ. ನಾಲ್ಕು ವರ್ಷದ ವೆಸ್ಟಿಂಗ್, ಮೊದಲ ವರ್ಷ ಕ್ಲಿಫ್ (ವರ್ಷ ತುಂಬುವ ಮೊದಲೇ ಬಿಟ್ಟರೆ ಪಾಲು ಸಿಗುವುದಿಲ್ಲ), ಇದು ಸಾಮಾನ್ಯ ಪದ್ಧತಿ. ಅದು ಇಲ್ಲದಿದ್ದರೆ ಒಬ್ಬರು ಆರು ತಿಂಗಳಲ್ಲಿ ಬಿಟ್ಟುಹೋದರೂ ಅರ್ಧ ಕಂಪನಿ ಅವರ ಹೆಸರಿನಲ್ಲೇ ಉಳಿಯಬಹುದು.

ಮನಸ್ಸಿಗೆ ಹಿಡಿಸಿದವರಿಗೆ ಮಾರನೇ ದಿನ ಮೇಲ್ ಬರೆದು, ನಿಮ್ಮ ಬಳಕೆದಾರರೊಬ್ಬರ ಪಕ್ಕ ಒಂದು ಗಂಟೆ ಕೂರಲು ಆಗುತ್ತದಾ ಎಂದು ಕೇಳುತ್ತೇನೆ. ಅಲ್ಲಿ ನಾನು ಪ್ರಶ್ನೆ ಕೇಳುವುದು ಕಡಿಮೆ. ಅವರ ಸ್ಕ್ರೀನ್ ನೋಡುತ್ತೇನೆ. ಹೊಸ ಪ್ರಾಡಕ್ಟ್ ಪಕ್ಕದಲ್ಲಿ ಹಳೆಯ ಎಕ್ಸೆಲ್ ಶೀಟ್ ಇನ್ನೂ ತೆರೆದಿದ್ದರೆ ಅದರಲ್ಲಿ ಏನು ಬರೆಯುತ್ತಾರೆ ಎಂದು ಗಮನಿಸುತ್ತೇನೆ. ಮುಂದೆ ಏನು ಕಟ್ಟಬೇಕು ಅನ್ನುವ ಮಾತನ್ನು ಫೌಂಡರ್ ಜೊತೆ ನಾನು ಶುರುಮಾಡುವುದು ಆ ಶೀಟ್‌ನಿಂದಲೇ.