ಯುದ್ಧದ ಟೈಮಲ್ಲಿ ಮನೆ ಕಡೆ ಉಳಿದ ಹುಡುಗಿ ಬಗ್ಗೆ ಕತೆ ಬರೀಬೇಕಾ? ಮೊದ್ಲು ಅವಳು ಹುಟ್ಟಿದ ಇಸವಿ ಬರ್ಕೊಳ್ಳಿ

ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ ಇಟ್ಕೊಂಡು ಕತೆ ಬರೆಯೋರು ಸುಮಾರು ಜನ ಒಂದೇ ಜಾಗದಲ್ಲಿ ಎಡವ್ತಾರೆ. ಮೊದಲ ಪುಟದಲ್ಲಿ ಹುಡುಗಿ ಅಮ್ಮನ ಜೊತೆ ಪಾತ್ರೆ ತೊಳೀತಿರ್ತಾಳೆ, ಮೂರನೇ ಪುಟಕ್ಕೆ ತಲೆಗೆ ಸ್ಕಾರ್ಫ್ ಕಟ್ಕೊಂಡು ವಿಮಾನದ ಫ್ಯಾಕ್ಟರೀಲಿ ನಿಂತಿರ್ತಾಳೆ, ಮಧ್ಯೆ ಏನಾಯ್ತು ಅನ್ನೋದೇ ಇರಲ್ಲ. ಕತೆ ಇರೋದೇ ಆ ಮಧ್ಯದಲ್ಲಿ ಕಣ್ರೀ.

ಅದಕ್ಕೆ ಹುಟ್ಟಿದ ಇಸವಿಯಿಂದ ಶುರು ಮಾಡಿ. ಉದಾಹರಣೆಗೆ 1920 ಅಂತಿಟ್ಕೊಳ್ಳಿ. 1939ರ ಸೆಪ್ಟೆಂಬರಲ್ಲಿ ಅವಳಿಗೆ 19, ರಾತ್ರಿ ಬಾಂಬ್ ಹಾಕೋ ವಿಮಾನಕ್ಕೆ ಬೆಳಕು ಕಾಣದ ಹಾಗೆ ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಲಿಯೋದು, ಬಾಂಬ್ ಭಯಕ್ಕೆ ಲಂಡನ್‌ನಿಂದ ಹಳ್ಳಿಗೆ ಕಳಿಸಿದ ಮಕ್ಕಳಿಗೆ ಹಾಸಿಗೆ ಹಾಸೋದು, ಇಷ್ಟೇ ಅವಳ ಯುದ್ಧ. 1940ರ ಜನವರಿಲಿ ಬೇಕನ್, ಬೆಣ್ಣೆ, ಸಕ್ಕರೆಗೆ ರೇಷನ್ ಬಂತು, ಅಂದ್ರೆ ಒಬ್ಬರಿಗೆ ಇಷ್ಟೇ ಅನ್ನೋ ಮಿತಿ, ಅದೇ ವರ್ಷ ಜುಲೈಲಿ ಟೀಗೂ ಬಂತು, ತಲೆಗೆ ವಾರಕ್ಕೆ 2 ಔನ್ಸ್. 1941ರ ಏಪ್ರಿಲಲ್ಲಿ ಹೆಂಗಸ್ರು ಕೆಲಸಕ್ಕೆ ಹೆಸರು ನೋಂದಾಯಿಸ್ಬೇಕು ಅಂತ ಶುರುವಾದಾಗ ಮೊದಲ ಸರದಿ ಇವಳ ವಯಸ್ಸಿನವರದ್ದೇ. ಡಿಸೆಂಬರಲ್ಲಿ ಕಾನೂನೇ ಬಂತು, 20ರಿಂದ 30ರೊಳಗಿನ ಮದುವೆಯಾಗದ ಹೆಣ್ಮಕ್ಕಳಿಗೆ, ಮಕ್ಕಳಿಲ್ಲದ ವಿಧವೆಯರಿಗೆ ಯುದ್ಧಕಾಲದ ಸೇವೆ ಕಡ್ಡಾಯ. ಇದೇ ಹುಡುಗಿ 1926ರಲ್ಲಿ ಹುಟ್ಟಿದ್ರೆ? ಯುದ್ಧ ಶುರುವಾದಾಗ 13, ಕತೆ ಪೂರ್ತಿ ಬೇರೇನೇ ಆಗತ್ತೆ. ಆರು ವರ್ಷದ ವ್ಯತ್ಯಾಸಕ್ಕೆ ಬದುಕೇ ತಿರುಗತ್ತೆ, ನನಗೆ ಈ ವಿಷಯ ಯಾವಾಗ್ಲೂ ಕಾಡತ್ತೆ.

ಆಮೇಲೆ ಅವಳನ್ನ ಎಲ್ಲಿಗೆ ಕಳಿಸ್ತೀರಿ ಅಂತ ತೀರ್ಮಾನ ಮಾಡಿ. ಫ್ಯಾಕ್ಟರಿ ಒಂದೇ ಅಲ್ಲ. ಹೊಲದ ಕೆಲಸಕ್ಕೆ ವಿಮೆನ್ಸ್ ಲ್ಯಾಂಡ್ ಆರ್ಮಿ ಇತ್ತು, ಜಾಸ್ತಿ ಇದ್ದಾಗ 80,000ಕ್ಕೂ ಹೆಚ್ಚು ಹುಡುಗಿಯರಿದ್ರು, ಹಸಿರು ಜರ್ಸಿ, ಮಂಡಿವರೆಗಿನ ಕಂದು ಪ್ಯಾಂಟ್ (ಬ್ರೀಚಸ್). ಸೈನ್ಯದ ಹೆಂಗಸರ ವಿಭಾಗ ಎಟಿಎಸ್ ಸೇರಿದ್ರೆ ವಿಮಾನ ಹೊಡೆಯೋ ಫಿರಂಗಿ ಹತ್ರಾನೂ ಡ್ಯೂಟಿ, ಎತ್ತರ, ದೂರ ಎಲ್ಲ ಲೆಕ್ಕ ಹಾಕಿ ಕೊಡೋಳು ಇವಳು, ಆದ್ರೆ ಗುಂಡು ಹಾರಿಸೋಕೆ ಮಾತ್ರ ಅವಳಿಗೆ ಅವಕಾಶ ಇರ್ಲಿಲ್ಲ. ಒಂದು ಸೀನಿಗೆ ಇಷ್ಟೇ ಸಾಕು.

ಈಗ ಮುಖ್ಯವಾದದ್ದು, ದುಡ್ಡು. ಇದನ್ನ ದಯವಿಟ್ಟು ಬಿಡ್ಬೇಡಿ. ಇಂಜಿನಿಯರಿಂಗ್ ಫ್ಯಾಕ್ಟರಿಗಳಲ್ಲಿ ಹೆಂಗಸರ ಕೈಗೆ ಸಿಗ್ತಿದ್ದದ್ದು ಗಂಡಸರ ಸಂಬಳದ ಹೆಚ್ಚುಕಮ್ಮಿ ಅರ್ಧ. 1943ರಲ್ಲಿ ಗ್ಲಾಸ್ಗೋ ಹತ್ರ ಹಿಲ್ಲಿಂಗ್ಟನ್‌ನ ರೋಲ್ಸ್ ರಾಯ್ಸ್ ಫ್ಯಾಕ್ಟರಿ ಹೆಂಗಸ್ರು ಇದೇ ವಿಷಯಕ್ಕೆ ಸ್ಟ್ರೈಕ್ ಮಾಡಿದ್ರು, ಯುದ್ಧದ ಮಧ್ಯೆ! ಇನ್ನೊಂದು, ಕಾರ್ಮಿಕರ ಎಷ್ಟೋ ಮನೆಗಳಲ್ಲಿ ದುಡಿಯೋ ಮಕ್ಕಳು ಸಂಬಳದ ಕವರ್ ಒಡೀದೇ ಅಮ್ಮನ ಕೈಗೆ ಕೊಟ್ಟು, ಅವಳು ವಾಪಸ್ ಕೊಟ್ಟಷ್ಟನ್ನ ಖರ್ಚಿಗೆ ಇಟ್ಕೊಳ್ಳೋರು. ನಿಮ್ಮ ಹುಡುಗಿ ಒಂದು ಶುಕ್ರವಾರ ಆ ಕವರನ್ನ ತಾನೇ ಒಡೆದು ಅಡುಗೆಮನೆ ಮೇಜಿನ ಮೇಲೆ ಇಡ್ಲಿ, ಅಮ್ಮ ಏನೂ ಹೇಳದೆ ಒಲೆ ಕಡೆ ತಿರುಗ್ಲಿ. ಅವಳ ಸ್ಥಾನ ಬದಲಾಯ್ತು ಅಂತ ನೀವು ಬಾಯಿಬಿಟ್ಟು ಹೇಳೋದೇ ಬೇಡ.

ಇನ್ನು ಅವಳ ಒಂದು ದಿನದ ಗಂಟೆಗಳನ್ನ ಬರೆದು ನೋಡಿ, ಆಗ ಗೊತ್ತಾಗತ್ತೆ, ಹಳೇ ಕೆಲಸ ಹೋಗಿ ಹೊಸದು ಬಂದಿದ್ದಲ್ಲ, ಹಳೇದರ ಮೇಲೆ ಹೊಸದು ಕೂತಿದ್ದು. ರಾತ್ರಿ ಶಿಫ್ಟ್ ಮುಗಿಸಿ ಬೆಳಗ್ಗೆ ಬಂದೋಳು ಮಲಗೋ ಮುಂಚೆ ಅಂಗಡಿ ಕ್ಯೂನಲ್ಲಿ ನಿಲ್ಬೇಕು, ಲೇಟಾದ್ರೆ ರೇಷನ್ನಲ್ಲಿಲ್ಲದ ಮೀನು ಖಾಲಿ. ಬಟ್ಟೆಗೆ 1941ರ ಜೂನ್ 1ರಿಂದ ಕೂಪನ್, ಮೊದಲ ವರ್ಷಕ್ಕೆ ತಲೆಗೆ 66, ಒಂದು ಉಣ್ಣೆ ಫ್ರಾಕಿಗೇ 11 ಹೋಗ್ತಿತ್ತು. ಸ್ಟಾಕಿಂಗ್ಸ್ ಸಿಗದೆ ಕಾಲಿಗೆ ಗ್ರೇವಿಗೆ ಹಾಕೋ ಕಂದು ಬಣ್ಣ ಬಳ್ಕೊಂಡು, ಸ್ಟಾಕಿಂಗ್ಸ್ ಹಾಕಿದ ಹಾಗೆ ಕಾಣ್ಲಿ ಅಂತ ಹಿಂದೆ ಪೆನ್ಸಿಲಲ್ಲಿ ಅದರ ಹೊಲಿಗೆ ಗೆರೆ ಎಳ್ಕೊಳ್ಳೋರು. ಇದನ್ನ ಎಲ್ರೂ ಬರೀತಾರೆ, ನೀವೂ ಬರೆಯೋದಾದ್ರೆ ಆ ಗೆರೆ ಎಳೆದುಕೊಟ್ಟಿದ್ದು ಯಾರು ಅಂತಾನೂ ಬರೀರಿ, ತಂಗೀನಾ, ಅಮ್ಮಾನಾ. ಅಮ್ಮ ಆದ್ರೆ ಆ ಮನೇಲಿ ಏನೋ ಸಡಿಲ ಆಗಿದೆ ಅಂತ ಅರ್ಥ.

ಕೊನೇ ಮಾತು, ಯುರೋಪಲ್ಲಿ ಯುದ್ಧ ಮುಗಿದ 1945ರ ಮೇ 8ರ ಸಂಭ್ರಮಕ್ಕೆ ಕತೆ ನಿಲ್ಲಿಸ್ಬೇಡಿ. ಗಂಡಸ್ರು ವಾಪಸ್ ಬಂದ್ರು, ಎಷ್ಟೋ ಹುಡುಗಿಯರ ಕೆಲಸ ಹೋಯ್ತು, ಆಹಾರದ ರೇಷನ್ ಪೂರ್ತಿ ಮುಗಿದಿದ್ದು 1954ರ ಜುಲೈಲಿ. ಯುದ್ಧದುದ್ದಕ್ಕೂ ರೇಷನ್ ಇಲ್ಲದಿದ್ದ ಬ್ರೆಡ್ಡಿಗೆ 1946ರ ಜುಲೈಲಿ ರೇಷನ್ ಬಂತು. ಅಲ್ಲೊಂದು ಸೀನ್ ಇಡಿ. ಅದೇ ಹುಡುಗಿ, ಈಗ 26, ಅದೇ ಕ್ಯೂ, ಪರ್ಸಲ್ಲಿರೋ ದುಡ್ಡು ಅವಳ ಸಂಬಳದ್ದಾ ಅಥವಾ ಗಂಡ ಎಣಿಸಿ ಕೊಟ್ಟಿದ್ದಾ ಅನ್ನೋದನ್ನ ಬರೀರಿ.