ಕೊರವ ಮೀನಿಗೆ ಕೊಕ್ಕೆ, ದಾರ, ಕೋಲು: ನಾನು ಆಯ್ದುಕೊಂಡ ಬಗೆ

ಹಾವೇರಿಯಲ್ಲಿ ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡಿಂಗ್ ಮಾಡುವ ಅಂಗಡಿ ನನ್ನದು. ರವಿವಾರ ಅಂಗಡಿಗೆ ಬೀಗ ಹಾಕಿ, ನಸುಕಿನಲ್ಲೇ ಹಾನಗಲ್ ಸೀಮೆಯ ಕೆರೆಗಳಿಗೆ ಗಾಳ ಹಿಡಿದು ಹೋಗುವ ರೂಢಿ 11 ವರ್ಷಗಳಿಂದ ನಡೆದುಬಂದಿದೆ. ನಾನು ಹುಡುಕುವುದು ಕೊರವ ಮೀನನ್ನು. ಪೇಟೆಯಲ್ಲಿ ಇದನ್ನು ಮುರ್ರೆಲ್ ಎಂದೂ ಮಾರುತ್ತಾರೆ. ಎರೆಹುಳು ಚುಚ್ಚಿ, ಬೆಂಡು ನೋಡುತ್ತ ಕೂಡುವ ಗಾಳವನ್ನು ಬಿಟ್ಟು, ರಬ್ಬರಿನ ಕಪ್ಪೆಯಂಥ ಲ್ಯೂರನ್ನು, ಅಂದರೆ ಹುಸಿ ಎರೆಯನ್ನು, ಎಸೆದು ಎಳೆಯುವ ಪದ್ಧತಿಗೆ ಬಂದ ಮೇಲೆ, ಸಾಮಾನು ಕೊಳ್ಳುವುದರಲ್ಲಿ ನಾನು ಹಲವು ತಪ್ಪುಗಳನ್ನು ಮಾಡಿದೆ. ಅವುಗಳ ಬೇರು ಒಂದೇ ಆಗಿತ್ತು. ನಾನು ದಾರ ಸುತ್ತುವ ರೀಲಿನಿಂದ ಶುರುಮಾಡಿ ಕೊಕ್ಕೆಗೆ ಬಂದಿದ್ದೆ. ನಿಜವಾಗಿ ಮೀನಿನ ಬಾಯಿಯಿಂದ ಕೊಕ್ಕೆಗೆ, ಕೊಕ್ಕೆಯಿಂದ ದಾರಕ್ಕೆ, ದಾರದಿಂದ ಕೋಲಿಗೆ, ಎಲ್ಲಕ್ಕಿಂತ ಕೊನೆಗೆ ರೀಲಿಗೆ ಬರಬೇಕಾಗಿತ್ತು.

ಲ್ಯೂರಿನ ಬಗ್ಗೆ ನಮಗೆ ಸಿಗುವ ತಿಳಿವಳಿಕೆ ಬಹುಪಾಲು ಬಾಸ್ ಮೀನಿಗೆ ಸಂಬಂಧಿಸಿದ್ದು. ಅದು ಉತ್ತರ ಅಮೆರಿಕದ ಮೀನು; ನಮ್ಮ ಕೆರೆಗಳಲ್ಲಿ ಇಲ್ಲ. 1932ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬವರು ಹಿಡಿದ, ಹತ್ತು ಕಿಲೋಗಿಂತ ತುಸು ಹೆಚ್ಚು ತೂಗಿದ ಬಾಸ್‌ನ ದಾಖಲೆಯನ್ನು 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಸರಿಗಟ್ಟುವವರೆಗೆ 77 ವರ್ಷ ಯಾರೂ ಮುಟ್ಟಲಿಲ್ಲ ಎಂದರೆ, ಆ ಮೀನಿನ ಹಿಂದೆ ಎಷ್ಟು ಜನ, ಎಷ್ಟು ಕಾಲದಿಂದ ಬಿದ್ದಿದ್ದಾರೆ ಎಂಬುದು ತಿಳಿಯುತ್ತದೆ. ನಾವು ಕೊಳ್ಳುವ ಕೋಲು, ರೀಲು, ಕಪ್ಪೆಗಳಲ್ಲಿ ಹೆಚ್ಚಿನವು ಅವರಿಗಾಗಿ ರೂಪುಗೊಂಡವು. ಬಾಸ್‌ನಂತೆ ಕೊರವವೂ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಕಪ್ಪೆ, ಸಣ್ಣ ಮೀನುಗಳ ಮೇಲೆ ಎರಗುವುದರಿಂದ ಆ ಸಾಮಾನು ನಮಗೂ ಒದಗುತ್ತದೆ. ಆದರೆ ಎರಡು ವ್ಯತ್ಯಾಸಗಳನ್ನು ಮರೆಯಬಾರದು. ಬಾಸ್‌ನ ಹಲ್ಲು ಅರದ ಮೈಯಂತೆ ಸಣ್ಣಗೆ ತರಿತರಿಯಾಗಿದ್ದರೆ, ಕೊರವದ ದವಡೆ ಗಟ್ಟಿ ಎಲುಬಿನದು, ಹಲ್ಲುಗಳೂ ಚೂಪಾದವು. ಇನ್ನೊಂದು, ಕೊರವ ಕಿವಿರಿನ ಮೇಲಿರುವ ಅಂಗದಿಂದ ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಹೀಗಾಗಿ ಆಮ್ಲಜನಕ ಕಡಿಮೆ ಇರುವ, ಅಂತರಗಂಗೆ ದಟ್ಟವಾಗಿ ಹಬ್ಬಿದ ನೀರಿನಲ್ಲೂ ನಿರಾತಂಕವಾಗಿ ಇರುತ್ತದೆ. ನಮ್ಮ ಸಾಮಾನು ಆ ದಟ್ಟಣೆಯೊಳಗಿಂದ ಮೀನನ್ನು ಹೊರಗೆ ತರಬೇಕು.

ಇದನ್ನು ತಿಳಿಯದೆ ನಾನು ಮೊದಲು ಒಂದು ಒಳ್ಳೆಯ ರೀಲನ್ನು ಕೊಂಡೆ, ಆಮೇಲೆ ಅದಕ್ಕೆ ಹೊಂದುವ ಹಗುರವಾದ ಕೋಲನ್ನು ತಂದು, ಉಳಿದ ಹಣದಲ್ಲಿ ನೈಲಾನ್ ದಾರ ಮತ್ತು ಅಗ್ಗದ ನಾಲ್ಕು ಕಪ್ಪೆಗಳನ್ನು ಸೇರಿಸಿದೆ. ಆ ವರ್ಷದ ಆಷಾಢದಲ್ಲಿ ಆರು ಮೀನುಗಳು ಎರಗಿದವು, ಒಂದೂ ದಡಕ್ಕೆ ಬರಲಿಲ್ಲ. ನಾಲ್ಕು ಬಾಯಿಂದ ಕೊಕ್ಕೆ ಉಗುಳಿ ಹೋದವು. ಐದನೆಯದು ಕೊಕ್ಕೆಯನ್ನು ಬಿಚ್ಚಿ ನೆಟ್ಟಗೆ ಮಾಡಿತು. ಆರನೆಯದು ಜೊಂಡಿನ ಬುಡಕ್ಕೆ ನುಗ್ಗಿ ದಾರ ಹರಿದುಕೊಂಡು, ಬಾಯಲ್ಲಿ ಕಪ್ಪೆ ಸಿಕ್ಕಿಸಿಕೊಂಡೇ ಹೋಯಿತು. ಆ ಮೀನಿನ ಗತಿ ಏನಾಯಿತೋ ಎಂಬ ಸಂಕಟ ನನ್ನನ್ನು ಬಹಳ ದಿನ ಬಿಡಲಿಲ್ಲ. ಸಾಮಾನಿನ ಆಯ್ಕೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಅದರಿಂದಲೇ.

ಮುಂದಿನ ವಾರ ಮೀನು ಮಾರುಕಟ್ಟೆಗೆ ಹೋಗಿ ಕೊರವದ ತಲೆ ಮಾತ್ರ ಬೇಕೆಂದು ಕೇಳಿದೆ. “ಸಾರಿಗೆ ಹಾಕ್ತೀರೇನ್ರಿ ಅಣ್ಣಾರ?” ಎಂದು ಮೀನು ಕೊಯ್ಯುತ್ತಿದ್ದ ಅಕ್ಕ ಕೇಳಿದರು. “ಇಲ್ರಿ ಅಕ್ಕಾರ, ದವಡಿ ನೋಡಬೇಕಾಗೇತಿ” ಎಂದೆ. “ಹಂಗಾದ್ರ ಸಣ್ಣದು ಬ್ಯಾಡ, ಎರಡ ಕಿಲೋದರ ತಲಿ ಒಯ್ರಿ” ಎಂದು ಅವರೇ ಆರಿಸಿ ಕೊಟ್ಟರು. ಅಂಗಡಿಯಲ್ಲಿ ಆ ತಲೆಯನ್ನು ಹಸಿ ಗೋಣಿಯಲ್ಲಿ ಸುತ್ತಿ ವೈಸ್‌ಗೆ ಬಿಗಿದು, ನನ್ನ ಹತ್ತಿರವಿದ್ದ ಒಂದೊಂದೇ ಕೊಕ್ಕೆಯನ್ನು ಬಾಯೊಳಗಿಟ್ಟು, ದಾರದ ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿದೆ. ಸಣ್ಣ ತಂತಿಯ ಕೊಕ್ಕೆ ಅಂಗುಳಿನ ಎಲುಬಿಗೆ ತಾಗಿ, ಒಳಗೆ ಇಳಿಯುವ ಮೊದಲೇ ಬಾಗಿ ತೆರೆದುಕೊಂಡಿತು. ದಪ್ಪ ತಂತಿಯ ಕೊಕ್ಕೆ ಬಾಗಲಿಲ್ಲ, ಆದರೆ ಮೊಂಡಾಗಿದ್ದರಿಂದ ಎಲುಬಿನ ಮೇಲೆ ಜಾರುತ್ತ ಹೋಯಿತು. ಅದೇ ಕೊಕ್ಕೆಯನ್ನು ಸಣ್ಣ ಅರದಿಂದ ಮೂರು ಬದಿಗೆ ಉಜ್ಜಿ ಚೂಪು ಮಾಡಿ ಎಳೆದಾಗ, ತಕ್ಕಡಿಯ ಮುಳ್ಳು 3 ಕಿಲೋ ಆಸುಪಾಸಿಗೆ ಬರುತ್ತಿದ್ದಂತೆ ದವಡೆ ಕೂಡುವ ಮೂಲೆಯ ಮಾಂಸದಲ್ಲಿ ಪೂರ್ತಿ ಇಳಿದು ಗಟ್ಟಿಯಾಗಿ ನಿಂತಿತು. ಅರ್ಧ ಗಂಟೆಯ ಆ ಪರೀಕ್ಷೆಯಿಂದ ನನ್ನ ಮಳೆಗಾಲದ ಅನುಭವವೆಲ್ಲ ಅರ್ಥವಾಯಿತು.

ಅಂದಿನಿಂದ ಕಪ್ಪೆ ಕೊಳ್ಳುವಾಗ ನಾನು ಅದರ ಬಣ್ಣಕ್ಕಿಂತ ಮೊದಲು ಕೊಕ್ಕೆಯನ್ನು ನೋಡುತ್ತೇನೆ. ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಟ್ಟು ಮೆಲ್ಲಗೆ ಎಳೆದರೆ ಅದು ಉಗುರಿಗೆ ಕಚ್ಚಿಕೊಳ್ಳಬೇಕು. ಜಾರಿದರೆ ಅರ ಹಿಡಿಯಬೇಕೆಂದು ಅರ್ಥ. ಆಮೇಲೆ ಕಪ್ಪೆಯ ಹೊಟ್ಟೆಯನ್ನು ಎರಡು ಬೆರಳಿನಿಂದ ಅದುಮುತ್ತೇನೆ. ಟೊಳ್ಳು ಮೈಯ ಕಪ್ಪೆಯ ಎರಡೂ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದಲೇ ಅದು ಕಮಲದ ಎಲೆಯ ಮೇಲೂ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ, ನಿಜ. ಆದರೆ ಮೀನು ಕಚ್ಚಿದಾಗ ಮೈ ಸುಲಭವಾಗಿ ಕುಸಿದು ಕೊಕ್ಕೆಗಳು ಹೊರಗೆ ಬರದಿದ್ದರೆ ಅದು ಬರೀ ಆಟಿಕೆ. ಮೈ ಗಟ್ಟಿ ಇದ್ದರೆ ಬಿಸಿ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ನೋಡಿದ್ದೇನೆ. ಅದು ಸ್ವಲ್ಪ ದಿನವಷ್ಟೇ ನಡೆಯುತ್ತದೆ. ಹೀಗಾಗಿ ಗಟ್ಟಿ ಮೈಯ ಕಪ್ಪೆ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ ಎಂದು ಹೇಳುತ್ತೇನೆ. ತಂದ ಮೇಲೆ ಇಕ್ಕಳದಿಂದ ಕೊಕ್ಕೆಗಳ ತುದಿಯನ್ನು ಕೂದಲೆಳೆಯಷ್ಟು ಹೊರಕ್ಕೆ ಬಾಗಿಸುತ್ತೇನೆ. ಕೊಕ್ಕೆ ಮೈಯಿಂದ ಹೊರಬರುವ ತೂತಿನಲ್ಲಿ ನೀರು ಸೇರಿ ಕಪ್ಪೆ ಮುಳುಗುವುದು ಎಲ್ಲರ ದೂರು; ಹತ್ತು ಎಸೆತಕ್ಕೊಮ್ಮೆ ಹಿಂಡಿ ತೆಗೆಯುವುದೇ ಅದಕ್ಕೆ ಸರಳ ಉಪಾಯ.

ಬಣ್ಣದ ವಿಚಾರದಲ್ಲಿ ನಾನು ಈಗ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಿ ಭೂಮಿಯ ನೀರು ಹರಿದುಬಂದು ಕೆರೆ ಕದಡಿದಾಗ ಕಪ್ಪು ಕಪ್ಪೆ, ನೀರು ತಿಳಿಯಾದಾಗ ಹಸಿರು ಅಥವಾ ಕಂದು, ಇಷ್ಟೇ ಸಾಕು. ಕೆಳಗಿನಿಂದ ಆಕಾಶದ ಬೆಳಕಿಗೆದುರು ನೋಡುವ ಮೀನಿಗೆ ಕಪ್ಪಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ.

ದಾರಕ್ಕೆ ಬರೋಣ. ಎರಡು ಕಿಲೋ ಮೀನಿಗೆ 40 ಪೌಂಡ್, ಅಂದರೆ ಸುಮಾರು 18 ಕಿಲೋ ತಡೆಯುವ ದಾರ ಏಕೆಂದು ಹೊಸಬರು ಕೇಳುತ್ತಾರೆ. ನಾವು ಎಳೆಯುವುದು ಬರೀ ಮೀನನ್ನಲ್ಲ. ಮೀನು ಜೊಂಡಿನೊಳಗೆ ತಲೆ ಹಾಕಿದ ಮೇಲೆ ಅದರ ಮೈಗೆ ಸುತ್ತಿಕೊಂಡ ಬಳ್ಳಿ, ಬೇರು, ಎಲೆಗಳ ಭಾರವೂ ಅದರೊಡನೆ ಬರುತ್ತದೆ. ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ. ಇಪ್ಪತ್ತೈದು ಮೀಟರ್ ದೂರದಲ್ಲಿ ಮೀನು ಕಚ್ಚಿದಾಗ ನಾನು ಕೊಟ್ಟ ಜಗ್ಗುವಿಕೆಯಲ್ಲಿ ಬಹುಪಾಲು ಆ ಹಿಗ್ಗುವಿಕೆಯಲ್ಲೇ ಕರಗಿ, ದವಡೆಗೆ ಬೇಕಾದ 3 ಕಿಲೋ ಬಲ ಕೊಕ್ಕೆಯ ತುದಿಗೆ ತಲುಪುತ್ತಲೇ ಇರಲಿಲ್ಲ. ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಮೆತ್ತನೆಯ ಕಾಂಡಗಳನ್ನು ಕೊಯ್ದುಕೊಂಡೂ ಬರುತ್ತದೆ. ಆದ್ದರಿಂದ ಕಳೆಯಲ್ಲಿ ಬ್ರೇಡ್ ಬಿಟ್ಟು ಬೇರೆ ದಾರ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೇಡ್ ಕೊಳ್ಳುವಾಗ ಡಬ್ಬಿಯ ಮೇಲೆ ಬರೆದ ದಪ್ಪವನ್ನು ನಂಬಿ ನಾನು ಮೋಸಹೋಗಿದ್ದೇನೆ. ತಾಮ್ರದ ತಂತಿಯ ಗೇಜು ಅಳೆಯುವುದು ನನ್ನ ದಿನದ ಕೆಲಸವಾದ್ದರಿಂದ, 0.26 ಮಿಲಿಮೀಟರ್ ಎಂದು ಬರೆದಿದ್ದ ಒಂದು ದಾರವನ್ನು ಮೈಕ್ರೋಮೀಟರಿಗೆ ಹಿಡಿದೆ, 0.35 ತೋರಿಸಿತು. ಬ್ರೇಡ್ ಮೆತ್ತಗಿರುವುದರಿಂದ ಮೈಕ್ರೋಮೀಟರಿನ ಬಾಯಲ್ಲಿ ಚಪ್ಪಟೆಯಾಗುತ್ತದೆ ಎಂಬುದು ಹೊಳೆದು, ಪೆನ್ಸಿಲಿನ ಮೇಲೆ ಕಾಯಿಲ್ ಸುತ್ತಿದಂತೆ ಒಂದಕ್ಕೊಂದು ತಾಗಿಸಿ ಇಪ್ಪತ್ತು ಸುತ್ತು ಸುತ್ತಿ, ಅಗಲ ಅಳೆದೆ. 8 ಮಿಲಿಮೀಟರ್ ಬಂತು, ಅಂದರೆ ಒಂದು ಸುತ್ತಿಗೆ 0.40. ದಪ್ಪ ಹೆಚ್ಚಾದರೆ ರೀಲಿನಲ್ಲಿ ಹಿಡಿಯುವ ಉದ್ದ ಕಡಿಮೆಯಾಗುತ್ತದೆ, ಗಾಳಿಯಲ್ಲಿ ತಡೆದು ಎಸೆತವೂ ಮೊಟಕಾಗುತ್ತದೆ. ಪೆನ್ಸಿಲು ಎಲ್ಲರ ಮನೆಯಲ್ಲೂ ಇರುತ್ತದೆ, ಹೊಸ ದಾರ ತಂದವರು ಇದನ್ನೊಮ್ಮೆ ಮಾಡಿ ನೋಡಬೇಕು. ರೀಲಿನ ಉರುಳೆಯಾದ ಸ್ಪೂಲಿಗೆ ಸುತ್ತುವಾಗ ತಳದಲ್ಲಿ ಹತ್ತು ಸುತ್ತು ನೈಲಾನ್ ಹಾಕದಿದ್ದರೆ ನುಣುಪಾದ ಬ್ರೇಡ್ ಇಡಿಯಾಗಿ ಸ್ಪೂಲಿನ ಮೇಲೆ ಜಾರುತ್ತದೆ. ಗಂಟಿಗೆ ನಾನು ಪಾಲೋಮರ್ ಹಾಕುತ್ತೇನೆ, ಬಿಗಿಯುವ ಮುನ್ನ ಒದ್ದೆ ಮಾಡುತ್ತೇನೆ.

ಕೋಲನ್ನು ಆಯ್ಕೆ ಮಾಡುವುದು ಆಮೇಲೆ ಸುಲಭವಾಯಿತು. ನನ್ನ ಕಪ್ಪೆಗಳು 12ರಿಂದ 15 ಗ್ರಾಂ ತೂಗುತ್ತವೆ, ದಾರ 40 ಪೌಂಡ್. ಕೋಲಿನ ಬುಡದ ಮೇಲೆ ಬರೆದಿರುವ ಲ್ಯೂರ್ ತೂಕದ ಮಿತಿಯ ನಡುವೆ ನನ್ನ ಕಪ್ಪೆ ಬೀಳಬೇಕು, ಅಷ್ಟೇ. 7 ಅಡಿ ಉದ್ದದ, 7ರಿಂದ 28 ಗ್ರಾಂ ಬರೆದಿರುವ ಮೀಡಿಯಂ ಹೆವಿ, ಅಂದರೆ ತುಸು ಬಿರುಸಾದ, ಕೋಲು ನನಗೆ ಒಗ್ಗಿದೆ. ಅದರ ತುದಿಯ ಮೂರನೇ ಒಂದು ಭಾಗ ಬಾಗಿ ಎಸೆತಕ್ಕೆ ನೆರವಾಗುತ್ತದೆ, ಬುಡ ಬಾಗದೆ ಮೀನನ್ನು ಮೇಲೆತ್ತುತ್ತದೆ. ಕೊಳ್ಳುವ ಮುಂಚೆ ಪ್ರತಿ ಉಂಗುರದೊಳಗೆ ಹತ್ತಿಯ ಎಸಳೊಂದನ್ನು ತಿರುಗಿಸುವುದು ನನ್ನ ಅಭ್ಯಾಸ. ಕಣ್ಣಿಗೆ ಕಾಣದ ಬಿರುಕಿದ್ದರೂ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಅದೇ ಬಿರುಕು ನಾಳೆ ದಾರವನ್ನು ಕೊಯ್ಯುತ್ತದೆ. ರೀಲಿನ ಬಗ್ಗೆ ಹೇಳುವುದು ಕಡಿಮೆ. 3000 ಅಳತೆಯ ಸಾಧಾರಣ ಸ್ಪಿನ್ನಿಂಗ್ ರೀಲು ಸಾಕು. ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕನ್ನು, ಸ್ಪ್ರಿಂಗ್ ತಕ್ಕಡಿಯಿಂದ ದಾರ ಎಳೆದು 5 ಕಿಲೋಗೆ ಜಾರುವಂತೆ ಹೊಂದಿಸಿಕೊಳ್ಳುತ್ತೇನೆ.

ಕಪ್ಪೆ ನಡೆಯದ ಜಾಗಗಳೂ ಇವೆ. ಕಳೆ ನೀರಿನ ಮೇಲೆ ಬಾರದೆ ಒಳಗೇ ನಿಂತಿರುವಲ್ಲಿ, ಮೀನಿನಾಕಾರದ ಮೆತ್ತನೆಯ ರಬ್ಬರಿಗೆ ಅಗಲ ಬಾಗಿನ ಕೊಕ್ಕೆ ಹಾಕಿ, ತುದಿಯನ್ನು ರಬ್ಬರಿನೊಳಗೇ ಮುಚ್ಚಿ ಎಸೆಯುತ್ತೇನೆ. ಕದಡಿದ ನೀರಿನಲ್ಲಿ ತಗಡಿನ ಎಲೆ ತಿರುಗುವ ಸ್ಪಿನ್ನರ್‌ಬೈಟ್ ಒಳ್ಳೆಯದು, ಅದರ ಅದುರುವಿಕೆ ಮೀನಿನ ಮೈಗೆ ತಿಳಿಯುತ್ತದೆ. ಮೂರು ಮುಳ್ಳಿನ ಕೊಕ್ಕೆಗಳು ತೂಗುವ, ಗಟ್ಟಿ ಮೈಯ ಲ್ಯೂರಾದ ಕ್ರ್ಯಾಂಕ್‌ಬೈಟನ್ನು ನಾನು ಕೆರೆಗೆ ಒಯ್ಯುವುದೇ ಇಲ್ಲ. ಬೇಸಿಗೆಯಲ್ಲಿ ವರದಾ ಹೊಳೆಯ ಕಳೆಯಿಲ್ಲದ ಮಡುವುಗಳಿಗೆ ಮಾತ್ರ ಅದು ಸರಿ.

ಸಾಮಾನು ಸರಿಯಾದ ಮೇಲೂ ಒಂದು ಕೊರತೆ ಉಳಿದಿತ್ತು. ನೀರು ಧಡಕ್ಕೆಂದು ಸಿಡಿದ ಕೂಡಲೇ ನಾನು ಜಗ್ಗುತ್ತಿದ್ದೆ, ಕಪ್ಪೆ ಖಾಲಿ ಹಾರಿ ಬರುತ್ತಿತ್ತು. ಕೆರೆ ಗುತ್ತಿಗೆ ಹಿಡಿದವರ ಕಾವಲುಗಾರ ಎರಡು ಸಲ ಇದನ್ನು ನೋಡಿ, “ಅವಸರ ಮಾಡಬ್ಯಾಡ್ರಿ, ಅದು ಬಾಯಿ ಮುಚ್ಚಿ ತಳಕ್ಕ ತಿರುಗಲಿ, ದಾರ ಭಾರ ಆತು ಅಂದಮ್ಯಾಲ ಜಗ್ಗ್ರಿ” ಎಂದರು. ಮುಂದಿನ ಎರಗುವಿಕೆಗೆ ಕೋಲಿನ ತುದಿ ಕೆಳಗಿಟ್ಟು, ಉಸಿರು ಬಿಗಿಹಿಡಿದು ಎರಡು ಎಣಿಸಿದೆ. ಕಪ್ಪೆ ಇದ್ದ ಜಾಗದಲ್ಲಿ ಎಲೆಗಳ ನಡುವೆ ಬೋಗುಣಿಯಷ್ಟಗಲ ತೂತು ಬಿದ್ದಿತ್ತು, ದಾರ ಅದರೊಳಗೆ ನಿಧಾನವಾಗಿ ಇಳಿಯುತ್ತಿತ್ತು. ಎರಡೂ ಕೈಯಿಂದ ಜಗ್ಗಿದೆ. ಅಂತರಗಂಗೆಯ ಒಂದು ಗುಂಪೇ ಕಿತ್ತು ಬಂತು. ಅದರ ಬೇರುಗಳ ನಡುವೆ ಎರಡೂವರೆ ಕಿಲೋ ಕೊರವ, ದವಡೆಯ ಮೂಲೆಯಲ್ಲಿ, ವೈಸಿನಲ್ಲಿ ಕಂಡ ಅದೇ ಜಾಗದಲ್ಲಿ ಕೊಕ್ಕೆ.

ಗುತ್ತಿಗೆದಾರರ ಅಪ್ಪಣೆ ಇಲ್ಲದೆ ನಾನು ಯಾವ ಕೆರೆಯಲ್ಲೂ ಗಾಳ ಹಾಕುವುದಿಲ್ಲ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಸಂರಕ್ಷಿತ ಜಾಗಗಳ ದಂಡೆಗೆ ಕೋಲು ಒಯ್ಯುವ ಮಾತೇ ಇಲ್ಲ. ಮಳೆಗಾಲದಲ್ಲಿ ಕೆಂಬಣ್ಣದ ಮರಿಗಳು ಮುದ್ದೆಯಾಗಿ ನೀರಿನ ಮೇಲೆ ಕುದಿಯುವಂತೆ ಕಂಡರೆ, ಅದರ ಕೆಳಗೆ ತಾಯಿ ತಂದೆ ಎರಡೂ ಕಾವಲಿರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಹಸಿವಿಲ್ಲದಿದ್ದರೂ ಅವು ಮರಿಗಳನ್ನು ಕಾಯಲೆಂದೇ ಎರಗುತ್ತವೆ, ಅವನ್ನು ಹಿಡಿದರೆ ಮರಿಗಳು ಉಳಿದ ಮೀನುಗಳ ಪಾಲಾಗುತ್ತವೆ. ಅಂಥ ಮುದ್ದೆ ಕಂಡಾಗ ನಾನು ದಾರ ಸುತ್ತಿಕೊಂಡು ಕೆರೆಯ ಇನ್ನೊಂದು ಮಗ್ಗುಲಿಗೆ ನಡೆಯುತ್ತೇನೆ.