ಹಳೇ ಮೂಕಿಚಿತ್ರದ ಗೇಲಿ ಯಾರ ಮೇಲೆ? ನೋಡೋದು ಹೀಗೆ

ಹೆಣ್ಣು ಗಂಡು ಅನ್ನೋದನ್ನೇ ತಮಾಷೆ ಮಾಡುವ ಹಳೇ ಚಿತ್ರಗಳಲ್ಲಿ ಗೇಲಿ ಯಾರ ಮೇಲೆ ಅಂತ ತಿಳಿಯಬೇಕಾದರೆ ಮೊದಲು ವೇಗ ಸರಿ ಮಾಡಿಕೊಳ್ಳಿ. ಆಗಿನ ಮೂಕಿಚಿತ್ರಗಳನ್ನು ಕ್ಯಾಮೆರಾದ ಹಿಡಿ ಕೈಯಲ್ಲೇ ತಿರುಗಿಸಿ ತೆಗೆಯುತ್ತಿದ್ದರು, ಸೆಕೆಂಡಿಗೆ ಹೆಚ್ಚುಕಡಿಮೆ 16 ಫ್ರೇಮ್, ಅಂದರೆ 16 ಬಿಡಿ ಚಿತ್ರ. ಅದನ್ನೇ 24ರ ಲೆಕ್ಕದಲ್ಲಿ ಓಡಿಸಿದರೆ ಎಲ್ಲರೂ ಬಸ್ಸು ಹೊರಟೇಬಿಡ್ತು ಅನ್ನೋ ಹಾಗೆ ಓಡಾಡುತ್ತಾರೆ. ನಗು ಬರುತ್ತೆ, ಆದರೆ ಅದು ಚಿತ್ರ ತೆಗೆದವರು ಇಟ್ಟ ನಗು ಅಲ್ಲ. ಹಾಗೆ ಓಡುತ್ತಿದ್ದರೆ ವೇಗ 0.75ಕ್ಕೆ ಇಳಿಸಿ. ಆಮೇಲೆ ಯಾರೋ ಸೇರಿಸಿರುವ ಪಿಯಾನೊ ಸದ್ದನ್ನೂ ಬಂದ್ ಮಾಡಿ. ಎಲ್ಲಿ ನಗಬೇಕು ಅಂತ ಅದೇ ಹೇಳಿಕೊಟ್ಟುಬಿಡುತ್ತೆ.

ಮಂಡ್ಯದ ನಮ್ಮ ಮನೆಯಲ್ಲಿ ಭಾನುವಾರ ಅಕ್ಕಪಕ್ಕದ ಹೆಂಗಸರು, ಒಂದಿಷ್ಟು ಕಾಲೇಜು ಹುಡುಗಿಯರು ಟಿವಿ ಮುಂದೆ ಸೇರುತ್ತಾರೆ. ಹೊಸಬರಿಗೆ ನಾನು ಮೊದಲು ಹಾಕೋದು 1906ರ ಫ್ರೆಂಚ್ ಚಿತ್ರ. ಹೆಸರು ‘ಸ್ತ್ರೀವಾದದ ಪರಿಣಾಮಗಳು’ ಅಂತಾಗುತ್ತೆ. ಗಂಡಸರು ಹೆಂಗಸರ ಹಾಗೆ, ಹೆಂಗಸರು ಗಂಡಸರ ಹಾಗೆ ಇರುವ ಕಥೆ. ಏಳೆಂಟು ನಿಮಿಷ ಅಷ್ಟೆ. ತೆಗೆದವರು ಆಲಿಸ್ ಗೀ. ಗೋಮೋ ಅನ್ನೋ ಕ್ಯಾಮೆರಾ-ಸಿನಿಮಾ ಕಂಪನಿಗೆ ಸೆಕ್ರೆಟರಿಯಾಗಿ ಸೇರಿ ನಿರ್ದೇಶಕಿಯಾದವರು.

ಇಲ್ಲಿ ಬಟ್ಟೆ ನೋಡಬೇಡಿ, ಮೈ ನೋಡಿ. ಗಂಡಸರು ಪ್ಯಾಂಟಿನಲ್ಲೇ ಇದ್ದಾರೆ, ಹೆಂಗಸರು ಉದ್ದ ಲಂಗದಲ್ಲೇ. ಬದಲಾಗಿರೋದು ನಡಿಗೆ, ಕೂರೋ ರೀತಿ, ಕೆಲಸ. ಗಂಡಸರು ಹೊಲಿಯುತ್ತಾರೆ, ಇಸ್ತ್ರಿ ಹಾಕುತ್ತಾರೆ. ಹೆಂಗಸರು ಹೋಟೆಲಿನಲ್ಲಿ ಕೂತು ಕುಡಿಯುತ್ತಾ ಸಿಗರೇಟು ಸೇದುತ್ತಾರೆ. ಬೆಂಚಿನ ಮೇಲೆ ಒಬ್ಬಳು ಒಬ್ಬನ ಹಿಂದೆ ಬೀಳುತ್ತಾಳೆ, ಅವನು ಮುದುಡಿಕೊಳ್ಳುತ್ತಾನೆ. ಅಲ್ಲಿ ಚಿತ್ರ ನಿಲ್ಲಿಸಿ. ಅವಳ ಕೈ ಎಲ್ಲಿದೆ, ಅವನ ಭುಜ ಎಷ್ಟು ಕುಗ್ಗಿದೆ ಅಂತ ನೋಡಿ. ಇಸ್ತ್ರಿ ದೃಶ್ಯಕ್ಕೆ ಎಲ್ಲರೂ ಬಿದ್ದು ಬಿದ್ದು ನಗುವಾಗ ನಮ್ಮತ್ತೆ ಮಾತ್ರ, “ಇದ್ರಲ್ಲಿ ನಗೋಕೇನಿದೆ? ದಿನಾ ನಾನ್ ಮಾಡಲ್ವಾ?” ಅಂದರು.

ಕೊನೆಯಲ್ಲಿ ಗಂಡಸರು ದಂಗೆಯೆದ್ದು ಹೆಂಗಸರನ್ನು ಹೋಟೆಲಿನಿಂದ ಆಚೆ ತಳ್ಳುತ್ತಾರೆ. ಹಕ್ಕು ಕೇಳಿದರೆ ಹೀಗಾಗುತ್ತೆ ಅನ್ನೋ ಗೇಲಿ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನಿಸಲ್ಲ. ಗಂಡಸರಿಗೆ ಏಳು ನಿಮಿಷವೂ ತಡೆಯಲಾಗಲಿಲ್ಲ, ಅಲ್ವಾ?

ಒಂದು ಎಚ್ಚರಿಕೆ. ಗಂಡಸು ಸೀರೆ ಉಟ್ಟ ಕೂಡಲೇ ಗೇಲಿ ಅಂದುಕೊಳ್ಳಬೇಡಿ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿ ಆದವರು ಅಣ್ಣಾ ಸಾಳುಂಕೆ, ಹೋಟೆಲಿನಲ್ಲಿ ಕೆಲಸಕ್ಕಿದ್ದವರು. ಪಾತ್ರಕ್ಕೆ ಹೆಂಗಸರು ಸಿಗದೆ ನಿರ್ದೇಶಕ ದಾದಾಸಾಹೇಬ್ ಫಾಲ್ಕೆ ಅವರನ್ನು ಕರೆತಂದರು. 1917ರ ‘ಲಂಕಾ ದಹನ’ದಲ್ಲಿ ಅದೇ ಸಾಳುಂಕೆ ರಾಮನೂ ಹೌದು, ಸೀತೆಯೂ ಹೌದು! ನಮ್ಮ ಕಡೆ ಊರಿನ ನಾಟಕದಲ್ಲಿ ಗಂಡಸರ ದ್ರೌಪದಿ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೈಮುಗೀತಿದ್ದರು, ನಗ್ತಿರಲಿಲ್ಲ.

ಮೂಕಿಚಿತ್ರ ಬಿಟ್ಟು ಕಾರ್ಟೂನಿಗೆ ಬಂದರೆ, ಅಮೆರಿಕದ ಕಾರ್ಟೂನ್ ಹುಡುಗಿ ಬೆಟ್ಟಿ ಬೂಪ್ ಸಾಕು. 1930ರಲ್ಲಿ ಬಂದಾಗ ಅವಳಿಗೆ ನಾಯಿಯ ಜೋಲುಕಿವಿ ಇತ್ತು, ಆಮೇಲೆ ಅದೇ ಓಲೆಯಾಯಿತು. 1932ರದೊಂದು, 1934ರ ನಂತರದ್ದೊಂದು ಬೆನ್ನುಬೆನ್ನಿಗೆ ಹಾಕಿ. ಚಿತ್ರದಲ್ಲಿ ಏನು ತೋರಿಸಬಹುದು ಅನ್ನೋ ಹಾಲಿವುಡ್ಡಿನ ನಿಯಮಾವಳಿ 1934ರಲ್ಲಿ ಬಿಗಿಯಾದ ಮೇಲೆ ಅವಳ ಲಂಗ ಉದ್ದವಾಯಿತು, ತುಂಟತನ ಕಡಿಮೆಯಾಯಿತು. ಲಂಗದ ಜೊತೆಗೆ ತಮಾಷೆಯೂ ಸಪ್ಪೆಯಾಗೋದು ಕಾಣುತ್ತೆ. 1932ರದ್ದರಲ್ಲಿ ಅವಳು ಅಧ್ಯಕ್ಷ ಚುನಾವಣೆಗೆ ನಿಲ್ಲುವ ಚಿತ್ರ ಆರಿಸಿ. ಅದೇ ವರ್ಷದ ಸರ್ಕಸ್ ಚಿತ್ರವನ್ನು ಮಕ್ಕಳಿಗೆ ತೋರಿಸುವ ಮೊದಲು ನೀವೊಬ್ಬರೇ ನೋಡಿ. ಯಜಮಾನ ಅವಳ ಮೈಮುಟ್ಟಿ, ಒಪ್ಪದಿದ್ದರೆ ಕೆಲಸ ಹೋಗುತ್ತೆ ಅಂತ ಹೆದರಿಸುವ ದೃಶ್ಯ ಅದರಲ್ಲಿದೆ.